ನಾಸಿರಾ ಬರೆದುಕೊಟ್ಟ ಕಾಗದ

ನಾಸಿರಾಳ ವಿಷಯ ಬರೆಯಬೇಕೆಂದು ಒಂದು ವರ್ಷದಿಂದ ಅಂದುಕೊಂಡಿದ್ದೆ. ಬರೆಯುವ ಹಾಗಿರಲಿಲ್ಲ. ಈಗ ಆ ನಲವತ್ತು ಹಸುಗಳ ಪಾಲಿಸಿ ಮುಗಿದು, ಹೊಸ ಕಾಗದಗಳ ಮೇಲೆ ಬೇರೆ ಯಾರದೋ ಸಹಿ ಬಿದ್ದಿದೆ. ನಾನೂ ನಿವೃತ್ತನಾಗಿ ಮನೆಯಲ್ಲಿ ಕೂತು ಹೆಂಡತಿಯ ಹತ್ತಿರ ಬೈಸಿಕೊಳ್ಳುತ್ತಿದ್ದೇನೆ. ಇನ್ನು ಹೇಳಿದರೆ ಯಾರಿಗೂ ನಷ್ಟವಿಲ್ಲ.

ನನ್ನ ಹೆಸರು ರಾಜಣ್ಣ. ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಪಶು ಪರೀಕ್ಷಕನಾಗಿ ಮೂವತ್ತು ವರ್ಷ ದನಗಳ ಬಾಯಿ, ಬಾಲ, ಹೊಟ್ಟೆ ನೋಡಿದವನು. ಮನುಷ್ಯರ ಮುಖ ನೋಡಿ ಮಾತಾಡುವುದನ್ನು ಅಷ್ಟಾಗಿ ಕಲಿಯಲಿಲ್ಲ. ಸಿಡುಕ ಎಂದು ಹೋದ ಊರಲ್ಲೆಲ್ಲ ಹೆಸರಿತ್ತು. ಆ ಹೆಸರು ಕೆಡದಂತೆ ನಾನೂ ನೋಡಿಕೊಂಡೆ.

ನಾಸಿರಾ ಕಲಾಯಿ ಹಬೀಬುಲ್ಲಾರ ಮಗಳು. ಅವರು ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಕೊಂಡು ನಮ್ಮ ತಾಲ್ಲೂಕಿನ ಮದ್ದೂರು ಕಡೆಯ ಕಾಡಂಚಿನ ಊರುಗಳನ್ನೆಲ್ಲ ಸೈಕಲ್ಲಿನಲ್ಲಿ ಸುತ್ತುತ್ತಿದ್ದರು. ಸ್ಕೂಲಿಗೆ ರಜ ಬಂದರೆ ಇವಳು ಸೈಕಲ್ಲಿನ ಮುಂದಿನ ಕಂಬಿಯ ಮೇಲೆ. ಅಪ್ಪ ಇದ್ದಿಲು ಊದುತ್ತಿದ್ದರೆ ಮಗಳು ಯಾವುದಾದರೂ ಜಗುಲಿಯ ಮೇಲೆ ಕೂತು ಹರಟೆ ಹೊಡೆಯುತ್ತಿದ್ದಳಂತೆ. ಮನೆಯಲ್ಲಿ ಉರ್ದು, ಜಗುಲಿಯಲ್ಲಿ ಕನ್ನಡ. ಆ ಕನ್ನಡ ಎಷ್ಟು ಚೆನ್ನಾಗಿತ್ತೆಂದರೆ, ಹಳ್ಳಿಯ ಹೆಂಗಸರು ಅವಳ ಹತ್ತಿರ ಜಗಳಕ್ಕೆ ನಿಂತರೆ ಸೋತು ಬರುತ್ತಿದ್ದರು. ಆಮೇಲೆ ಸ್ಟೀಲ್ ಪಾತ್ರೆ ಬಂದು ಕಲಾಯಿ ಹೋಯಿತು, ಹಬೀಬುಲ್ಲಾರೂ ಹೋದರು. ಇವಳು ಪಿಯುಸಿ ಮುಗಿಸಿ, ಊಟಿ ರಸ್ತೆಯಲ್ಲಿ ಸೋಫಾಗಳಿಗೆ ಹೊಸ ಬಟ್ಟೆ ಹೊಲಿಯುವ ಅಮೀನನನ್ನು ಮದುವೆಯಾದಳು. ಹೆಣ್ಣುಮಗುವೊಂದಾಯಿತು.

ಆ ಹೊತ್ತಿಗೆ ಒಂದು ಸಾಮಾನ್ಯ ವಿಮಾ ಕಂಪನಿ ತನ್ನ ಸಾಮಾಜಿಕ ಜವಾಬ್ದಾರಿಯ ಯೋಜನೆ ಹಿಡಿದುಕೊಂಡು ನಮ್ಮ ತಾಲ್ಲೂಕಿಗೆ ಬಂತು. ಕಾಡಂಚಿನ ಹಸುಗಳಿಗೆ ಉಚಿತ ವಿಮೆ. ನಾನು ಮೊದಲು ಮೂಗು ಮುರಿದೆ. ಕೇಳಿದ ಮೇಲೆ ಒಪ್ಪಿಕೊಂಡೆ, ಯಾಕೆಂದರೆ ಯೋಚನೆ ಸರಿಯಾಗಿತ್ತು. ಹುಲಿ ಹಸುವನ್ನು ಹಿಡಿದರೆ ಒಂದೇ ಸಲಕ್ಕೆ ತಿಂದು ಮುಗಿಸುವುದಿಲ್ಲ, ಮತ್ತೆ ಬರುತ್ತದೆ. ಅಷ್ಟರಲ್ಲಿ ಹೊಟ್ಟೆ ಉರಿದ ಯಜಮಾನ ಸತ್ತ ಹಸುವಿಗೆ ವಿಷ ಸವರಿ ಇಟ್ಟರೆ ಹುಲಿ ಮರಿಗಳ ಸಮೇತ ಸಾಯುತ್ತದೆ, ಯಜಮಾನ ಜೈಲಿಗೆ ಹೋಗುತ್ತಾನೆ. ಹಾಗಾಗಬಾರದೆಂದರೆ ಅವನಿಗೆ ಇನ್ನೊಂದು ಹಸು ಸಿಗುತ್ತದೆ ಎಂಬ ನಂಬಿಕೆ ಬೇಕು. ಇಪ್ಪತ್ತು ದಿನದೊಳಗೆ ಹಸುವಿನ ಬೆಲೆ ಕೊಡುತ್ತೇವೆ, ಸತ್ತ ಹಸುವನ್ನು ಮುಟ್ಟದೆ ಹುಲಿಗೆ ಬಿಡಿ ಎಂದಿತು ಕಂಪನಿ. ಇನ್ನೊಂದು ಷರತ್ತು, ಹಸುವಿನ ಕಿವಿಯಲ್ಲಿ ನಂಬರಿರುವ ಹಳದಿ ಪ್ಲಾಸ್ಟಿಕ್ ಬಿಲ್ಲೆ ಇರಬೇಕು.

ಬಿಲ್ಲೆ ಚುಚ್ಚುವ ಕೆಲಸಕ್ಕೆ ನಾಸಿರಾ ಸೇರಿದಳು. ಹಲ್ಲಿ ಕಂಡರೆ ಮಂಚ ಹತ್ತುವ ಹೆಂಗಸು. ಮೊದಲ ವಾರ ಒಂದು ಹಸು ಒದ್ದು ತಿಪ್ಪೆಗೆ ಕೆಡವಿತು. ಎದ್ದವಳೇ ಸಲ್ವಾರ್ ಕೊಡವಿಕೊಂಡು, ಅದರ ಕತ್ತಿನ ಕೆಳಗೆ ಜೋಲುವ ಗಂಗೆದೊಗಲು ಸವರುತ್ತ ಉರ್ದುವಿನಲ್ಲಿ ಏನೇನೋ ಹೇಳಿದಳು. ಹಸು ನಿಂತುಬಿಟ್ಟಿತು. ನಾನು ಮೂವತ್ತು ವರ್ಷ ಕನ್ನಡದಲ್ಲಿ ಬೈದರೂ ನಿಲ್ಲದ ಪ್ರಾಣಿಗಳು ಅವಳ ಉರ್ದುವಿಗೆ ತಲೆ ಬಾಗಿಸುವುದನ್ನು ನೋಡಿ ನನಗೆ ನಿಜವಾಗಿಯೂ ಹೊಟ್ಟೆಕಿಚ್ಚಾಯಿತು. ಹಳ್ಳಿಯವರು ಅವಳನ್ನು ನಂಬಿದ್ದೂ ಕಂಪನಿಯ ಹೆಸರು ನೋಡಿ ಅಲ್ಲ. ಕಲಾಯಿ ಸಾಬರ ಮಗಳು ಹೇಳುತ್ತಾಳೆ ಎಂದು.

ಕೆಲಸ ಹಂಚಿಕೆ ಹೀಗಿತ್ತು: ಅವಳು ಬಿಲ್ಲೆ ಚುಚ್ಚಬೇಕು, ನಾನು ಯಜಮಾನರಿಗೆ ಷರತ್ತುಗಳನ್ನು ಓದಿ ತಿಳಿಸಿ, ‘ತಿಳಿಸಲಾಗಿದೆ’ ಎಂಬ ಸಾಲಿನ ಕೆಳಗೆ ಸಹಿ ಹಾಕಬೇಕು. ಮದ್ದೂರು ಅರಣ್ಯ ವಲಯಕ್ಕೆ ಅಂಟಿಕೊಂಡ ಒಂದು ಊರಲ್ಲಿ ಒಂದೇ ದಿನ ನಲವತ್ತು ಹಸು. ಬಿಸಿಲು ನೆತ್ತಿ ಸುಡುತ್ತಿತ್ತು. ನಾಲ್ಕು ಹಸುವಿಗೆ ಓದಿದೆ. ಉಳಿದವುಗಳಿಗೆ ಕಾಗದದ ಮೇಲೆ ಸಹಿ ಹಾಕುತ್ತಾ ಹೋದೆ. ಸಾಲು ಕರಗಿದ ಮೇಲೆ ಬಸವಮ್ಮ ಎಂಬ ವಿಧವೆ ನನ್ನ ಹತ್ತಿರ ಬಂದು ಕೇಳಿದಳು, “ಸಾ, ಲಂಟಾನ ಪೊದೆಗೆ ಸಿಕ್ಕಾಕಂಡು ಇದು ಎಲ್ಲಾರ ಕಿತ್ಕಂಡೋದ್ರೆ?” ಬಿಲ್ಲೆ ಹೋದರೆ ಬಂದು ಹೇಳು, ಬೇರೆ ಚುಚ್ಚುತ್ತೇವೆ ಎಂದು ಒಂದು ಮಾತು ಹೇಳಬೇಕಿತ್ತು. ನಾನು ರೇಗಿದೆ. “ಕಳ್ಕಂಡ್ರೆ ಒಂದು ಕಾಸೂ ಬರಲ್ಲ. ಹುಷಾರಾಗಿ ಇಟ್ಕೊ, ಹೋಗಮ್ಮ” ಎಂದೆ. ನಾಸಿರಾ ಪಕ್ಕದಲ್ಲೇ ಚೀಲ ಕಟ್ಟುತ್ತಿದ್ದಳು.

ಐದು ತಿಂಗಳ ಮೇಲೆ ಒಂದು ಬೆಳಿಗ್ಗೆ ಬಸವಮ್ಮನ ಹಸುವನ್ನು ಹುಲಿ ಹಿಡಿಯಿತು. ನಾನೂ ನಾಸಿರಾಳೂ ಹೋಗುವ ಹೊತ್ತಿಗೆ ಹನ್ನೊಂದು ಗಂಟೆ. ಕಾಡಿನ ಕಂದಕದ ಈಚೆ ಹಸು ಬಿದ್ದಿತ್ತು. ಹುಲಿ ಹಿಂಭಾಗ ತಿಂದಿತ್ತು, ತಲೆ ಹಾಗೆಯೇ ಇತ್ತು. ಬಗ್ಗಿ ನೋಡಿದೆ. ಎಡಗಿವಿಯಲ್ಲಿ ತೂತು ಇತ್ತು, ಬಿಲ್ಲೆ ಇರಲಿಲ್ಲ.

“ಬಿಲ್ಲೆ ಎಲ್ಲಮ್ಮಾ?”

ಬಸವಮ್ಮ ಅತ್ತೂ ಅತ್ತೂ ಊದಿದ ಮುಖದಲ್ಲೇ ಸ್ವಲ್ಪ ಹೆಮ್ಮೆ ತಂದುಕೊಂಡಳು. “ಮನೇಲದೆ ಸಾ. ನೀವೇ ಏಳಿದ್ರಲ್ಲಾ, ಉಸಾರಾಗಿ ಮಡೀಕ ಅಂತ. ಅವತ್ತೇ ಬಿಲ್ಲೆ ಇಂದ್ಲ ಗುಂಡಿ ಕುಯ್ದು ತಗದು ದೇವ್ರ ಗೂಡಲ್ಲಿ ಮಡಗಿವ್ನಿ. ದಿನಾ ಕುಂಕುಮ ಮಡಗ್ತೀನಿ.”

ಕಿವಿಯಲ್ಲಿ ಬಿಲ್ಲೆ ಇಲ್ಲದಿದ್ದರೆ ವಿಮೆ ಇಲ್ಲ. ಅದು ಷರತ್ತಿನ ಮೊದಲ ಸಾಲು. ಅವಳ ಮಗ ಶಶಿಕುಮಾರನಿಗೆ ನಮ್ಮ ಮುಖ ನೋಡಿಯೇ ಅರ್ಥವಾಯಿತು. ಅವನು ಮನೆಗೆ ಹೋಗಿ ಟೊಮೇಟೊಗೆ ಹೊಡೆಯುವ ಔಷಧಿಯ ಡಬ್ಬ ಹಿಡಿದುಕೊಂಡು ಬಂದ.

“ಬುಡಕ್ಕ, ನಿಮ್ ಕಂಪ್ನಿ ಕೊಡಕಿಲ್ಲ ಅಂತ ಗೊತ್ತಾಯ್ತು. ಸಾಯಂಕಾಲ ಅದು ತಿನ್ನಕ್ ಬತ್ತದಲ್ಲ, ಬರ್ಲಿ.”

ನಾನು ಕಾನೂನು ಹೇಳಲು ಬಾಯಿ ತೆರೆದೆ. ನಾಸಿರಾ ನನ್ನ ಕಡೆ ನೋಡಿದ ನೋಟಕ್ಕೆ ಮುಚ್ಚಿಕೊಂಡೆ. ಅವಳು ಶಶಿಯ ಎದುರು ಹೋಗಿ ನಿಂತಳು. “ನಿಮ್ಮವ್ವ ಯಾರ್ನ ನಂಬಿ ಕಿವಿ ಚುಚ್ಚಿಸ್ಕಂಡ್ಳು? ಕಂಪ್ನಿನಾ?”

“ನಿನ್ನ.”

“ಹಂಗಾದ್ರೆ ನಾನೇ ಕೊಡಿಸ್ತೀನಿ. ನಾಳೆ ಆಫೀಸರ್ ಬರೋಗಂಟ ತಡ್ಕ. ಡಬ್ಬ ಕೊಡ್ಲಾ ಇಲ್ಲಿ.”

ಅವನು ತುಂಬ ಹೊತ್ತು ಕೊಡಲಿಲ್ಲ. ಅವಳೂ ಚಾಚಿದ ಕೈ ಹಿಂದೆ ತೆಗೆಯಲಿಲ್ಲ. ಕೊನೆಗೆ ಅವನು ಡಬ್ಬವನ್ನು ಅವಳ ಕೈಗೆ ಕುಕ್ಕಿ ಬೆನ್ನು ತಿರುಗಿಸಿದ. ಅವಳು ಅದನ್ನು ಬಿಲ್ಲೆ ಇಡುವ ಚೀಲದಲ್ಲಿ ಹಾಕಿಕೊಂಡಳು. ಆಮೇಲೆ ತಾಯಿ ಮಗ ಇಬ್ಬರನ್ನೂ ಕೊಟ್ಟಿಗೆಯ ಹಿಂದಕ್ಕೆ ಕರೆದುಕೊಂಡು ಹೋಗಿ ಏನೋ ಮಾತಾಡಿ ಬಂದಳು. ಏನೆಂದು ನಾನು ಕೇಳಲಿಲ್ಲ. ಕೇಳುವ ಧೈರ್ಯವಿರಲಿಲ್ಲ ಎಂದರೆ ಸರಿಯಾದೀತು.

ಮಾರನೆಯ ದಿನ ಚಾಮರಾಜನಗರದಿಂದ ಕಂಪನಿಯ ಸುನೀಲ್ ಕುಮಾರ್ ಬಂದರು. ಕೆಟ್ಟ ಮನುಷ್ಯನಲ್ಲ. ಹಳೆಯ ಫೋಟೊದಲ್ಲಿದ್ದ ಹಣೆಯ ಬಿಳಿ ಮಚ್ಚೆ, ಕಿವಿಯ ತೂತು, ಗೂಡಿನಲ್ಲಿದ್ದ ಬಿಲ್ಲೆಯ ನಂಬರು ಎಲ್ಲ ಹೋಲಿಸಿ ನೋಡಿದರು. ಹಸು ಅದೇ ಎಂದು ಒಪ್ಪಿದರು. ಆಮೇಲೆ ನನ್ನ ಸಹಿ ಇದ್ದ ಕಾಗದ ತೆಗೆದರು.

“ಷರತ್ತು ತಿಳಿಸಿದೆ ಅಂತ ಇಲ್ಲಿ ಬರೆದಿದೆ. ಹಾಗಾದರೆ ಗೊತ್ತಿದ್ದೂ ಬಿಲ್ಲೆ ತೆಗೆದಿದ್ದಾರೆ. ಇಲ್ಲಾ, ಬಿಲ್ಲೆ ತೆಗೆದಿಡಿ ಅಂತ ಇವರಿಗೆ ಯಾರಾದರೂ ಹೇಳಿರಬೇಕು. ಯಾರು ಹೇಳಿದ್ದು?”

ನನ್ನ ಸರ್ವಿಸ್ಸಿಗೆ ಇನ್ನು ಎರಡು ತಿಂಗಳಿತ್ತು. ಈ ಕಾರಣ ಹೇಳಿಕೊಳ್ಳಲು ಇವತ್ತಿಗೂ ನಾಚಿಕೆಯಾಗುತ್ತದೆ, ಆದರೆ ಇದ್ದದ್ದು ಅದೊಂದೇ. ನಾನು ನೆಲ ನೋಡಿದೆ.

“ನಾನೇ ಸಾರ್” ಎಂದಳು ನಾಸಿರಾ. “ರಾಜಣ್ಣ ಸಾರ್ ಸರಿಯಾಗಿ ಓದಿ ಹೇಳಿದ್ರು. ಅವರು ಹೋದ್ಮೇಲೆ ನಾನು ತೆಗೆದಿಟ್ಕೊ ಅಂದ್ಬಿಟ್ಟೆ.”

ಬಸವಮ್ಮ ನನ್ನ ಕಡೆ ಒಮ್ಮೆ ನೋಡಿ ಸೆರಗು ಬಾಯಿಗೆ ಹಿಡಿದುಕೊಂಡಳು.

“ಬರೆದುಕೊಟ್ಟರೆ ಇವರಿಗೆ ದುಡ್ಡು ಬರುತ್ತೆ ಮೇಡಂ, ತಪ್ಪು ಕಂಪನಿ ಕಡೆಯದಾಗುತ್ತೆ. ಆದರೆ ನಿಮ್ಮ ಕೆಲಸ...” ಎಂದರು ಸುನೀಲ್ ಕುಮಾರ್.

“ಪೆನ್ ಕೊಡಿ” ಎಂದಳು.

ಜಗುಲಿಯ ಮೇಲೆ ಕೂತು, ತೊಡೆಯ ಮೇಲೆ ಫೈಲ್ ಇಟ್ಟುಕೊಂಡು, ಗುಂಡಗಿನ ಕನ್ನಡ ಅಕ್ಷರದಲ್ಲಿ ಏಳು ಸಾಲು ಬರೆದಳು. ಹದಿನೆಂಟನೆಯ ದಿನ ಬಸವಮ್ಮನಿಗೆ ಹಣ ಬಂತು. ಮುಂದಿನ ತಿಂಗಳ ಸಂಬಳದ ಪಟ್ಟಿಯಲ್ಲಿ ನಾಸಿರಾಳ ಹೆಸರಿರಲಿಲ್ಲ. ಕಂಪನಿಯ ವಾರ್ಷಿಕ ಪುಸ್ತಕದಲ್ಲಿ, ನಮ್ಮ ವಲಯದಲ್ಲಿ ಒಂದು ಹುಲಿಯೂ ವಿಷಕ್ಕೆ ಬಲಿಯಾಗಿಲ್ಲ ಎಂದು ನುಣುಪು ಕಾಗದದಲ್ಲಿ ಅಚ್ಚಾಗಿ ಬಂತು. ಸುಳ್ಳೇನಲ್ಲ. ಜೊತೆಗೆ ಬಸವಮ್ಮನ ಫೋಟೊ ಇತ್ತು, ಅವಳ ಪಕ್ಕದಲ್ಲಿ ಯಾರದೋ ಮೊಣಕೈ. ಅದು ನಾಸಿರಾಳದು.

ನಾಲ್ಕು ವಾರ ನನಗೆ ಊಟ ಸೇರಲಿಲ್ಲ. ಒಂದು ಮಧ್ಯಾಹ್ನ ಊಟಿ ರಸ್ತೆಯ ಅಂಗಡಿಗೆ ಹೋದೆ. ಅಮೀನ್ ಹೊಲಿಯುತ್ತಿದ್ದ, ಅವಳು ದಿಂಬಿಗೆ ಹತ್ತಿ ತುಂಬುತ್ತಿದ್ದಳು. ಕೂದಲಿಗೆಲ್ಲ ಹತ್ತಿ.

“ನಾಳೆ ಚಾಮರಾಜನಗರಕ್ಕೆ ಹೋಗಿ ನಿಜ ಹೇಳಿಬಿಡ್ತೀನಿ ನಾಸಿರಾ. ನೀನು ನನ್ನ ಉಳಿಸೋಕೆ ಹೋಗಿ...”

“ನಿಮ್ಮನ್ನಾ?” ಅವಳು ತಲೆ ಎತ್ತಿದಳು. ಅವಳ ಕಣ್ಣಲ್ಲಿ ನಾನು ಮೊದಲ ಸಲ ಸಿಟ್ಟು ನೋಡಿದೆ. “ನಿಮಗೋಸ್ಕರ ಬರೆದೆ ಅಂದ್ಕೊಂಡ್ರಾ ಸಾರ್? ನಲವತ್ತು ಹಸುವಿನ ಕಾಗದದ ಮೇಲೆ ನಿಮ್ಮ ಸೈನಿದೆ. ಅದರಲ್ಲಿ ಒಂದು ಸುಳ್ಳು ಅಂತಾದ್ರೆ ನಲವತ್ತೂ ಸುಳ್ಳು ಅಂತಾರೆ, ಯಾರ ಹಸುಗೂ ವಿಮೆ ಉಳಿಯಲ್ಲ. ನನ್ನ ತಪ್ಪು ಅಂದ್ರೆ ಒಬ್ಬಳ ಕೆಲಸ ಹೋಗುತ್ತೆ, ಅಷ್ಟೇ. ಹೋಗಿ ಹೇಳಿ ಬೇಕಾದ್ರೆ. ನಿಮ್ಮ ಮನಸ್ಸು ಹಗುರ ಆಗುತ್ತೆ.”

ಅಮೀನ್ ಮಿಷನ್ ನಿಲ್ಲಿಸಿದ. ನನಗೆ ಕೂರಬೇಕೋ ಏಳಬೇಕೋ ತಿಳಿಯಲಿಲ್ಲ.

“ಅದಿರಲಿ. ಉಳಿದ ಮೂವತ್ತೊಂಬತ್ತು ಮನೆಗೆ ಹೋಗಿ ಕಿವಿ ನೋಡ್ಕೊಂಡು ಬಂದ್ರಾ?” ಎಂದು ಕೇಳಿದಳು.

ಹೋಗಿರಲಿಲ್ಲ. ನಾಲ್ಕು ವಾರ ನನ್ನ ಬಗ್ಗೆ ಕೊರಗುವುದರಲ್ಲೇ ಕಳೆದಿದ್ದೆ. ಆ ಹಸುಗಳ ಯೋಚನೆ ನನಗೆ ಬಂದಿರಲಿಲ್ಲ.

ಮಾರನೆಯ ದಿನವೇ ಹೊಸ ಬಿಲ್ಲೆಗಳನ್ನು ತರಿಸಿಕೊಂಡು ಆ ಊರಿಗೆ ಹೋದೆ. ಬಸವಮ್ಮ ಮಾಡಿದ್ದನ್ನು ನೋಡಿ ಇನ್ನೂ ಹನ್ನೊಂದು ಮನೆಯವರು ಬಿಲ್ಲೆ ತೆಗೆದಿಟ್ಟಿದ್ದರು; ರೇಷನ್ ಕಾರ್ಡಿನ ಜೊತೆ, ಅಕ್ಕಿ ಡಬ್ಬದಲ್ಲಿ, ಒಬ್ಬಳಂತೂ ತಾಳಿಯ ದಾರದಲ್ಲಿ. ಮತ್ತೆ ಚುಚ್ಚಿದೆ. ಪ್ರತಿ ಷರತ್ತನ್ನೂ ಎರಡೆರಡು ಸಲ ಓದಿದೆ. ಆಫೀಸಿನಲ್ಲಿ ಹೇಳುವ ಹಾಗಿರಲಿಲ್ಲ, ಈ ಹೆಂಗಸರಿಗಾದರೂ ಹೇಳೋಣವೆಂದು ಹನ್ನೊಂದು ಮನೆಯಲ್ಲೂ ಬಾಯಿಬಿಟ್ಟು ಹೇಳಿದೆ, “ತಪ್ಪು ನಾಸಿರಾಳದಲ್ಲ ಕಣಮ್ಮ, ನನ್ನದು.”

ಹತ್ತು ಮನೆಯವರು ನಕ್ಕುಬಿಟ್ಟರು. ಕೊನೆಯ ಮನೆಯ ದೊಡ್ಡಮಲ್ಲಮ್ಮ ನನ್ನ ಎರಡೂ ಕೈ ಹಿಡಿದುಕೊಂಡಳು.

“ಬುಡಿ ಸಾ, ನಮಗೆ ಗೊತ್ತಿಲ್ವಾ? ಅವಳೇ ಒಪ್ಕಂಡು ಬರ್ಕೊಟ್ಟವ್ಳೆ ಅಂತ ಆಫೀಸರೇ ಏಳವ್ರೆ. ಅಂಥವಳ ಮಾನ ಕಾಯಕೆ ನೀವು ತಪ್ಪ ನಿಮ್ ತಲೆ ಮ್ಯಾಲ್ ಆಕ್ಕತಿದ್ದೀರಲ್ಲ, ನಿಮ್ಮಂಥ ದೊಡ್ಮನ್ಸ ಎಲ್ ಸಿಕ್ಕಾರು?” ಎಂದು ಹೇಳಿ, ಒಳಗೆ ಹೋಗಿ ನನಗೆ ಒಂದು ಚೊಂಬು ಮಜ್ಜಿಗೆ ತಂದಳು. ನಾನು ಅದನ್ನು ಕುಡಿದೆ.