ಯುಜಿನ್ ಹಿಡಿದ ಹಮೂರ್

ಯುಜಿನ್ ಮೊಂತೇರೊ ದುಬೈ ಬಿಟ್ಟು ಹೋಗಿ ವರ್ಷವಾಗುತ್ತ ಬಂತು. ಅಲ್ ಬರ್ಷಾದ ನಮ್ಮ ಬಿಲ್ಡಿಂಗಿನಲ್ಲಿ ನಾಲ್ಕು ಜನ ಸೇರಿದರೆ ಈಗಲೂ ಅವರ ಮಾತು ಬರುತ್ತದೆ. ‘ಪಾಪ, ಅಷ್ಟು ವರ್ಷ ಗಾಳ ಹಾಕಿದ್ರು, ಒಂದು ಹಮೂರ್ ಮೀನು ಕೂಡ ಸಿಗಲಿಲ್ಲ’ ಅಂತ ಯಾರಾದರೂ ನಕ್ಕೇ ನಗುತ್ತಾರೆ. ನನಗೆ ಮೈಯೆಲ್ಲ ಉರಿದುಹೋಗುತ್ತದೆ. ಸಿಕ್ಕಿತ್ತು ಕಣ್ರೀ! ನಾನೇ ಈ ಕೈಯಲ್ಲಿ ಹಿಡಿದಿದ್ದೆ. ಆದರೆ ಹುಟ್ಟಿದಾಗಿನಿಂದ ಮೊಟ್ಟೆ ಕೂಡ ಮುಟ್ಟದ ಮೈಸೂರಿನ ಶ್ರೀನಿವಾಸಮೂರ್ತಿ ಮೀನಿನ ವಿಷಯದಲ್ಲಿ ಸಾಕ್ಷಿ ಹೇಳಿದರೆ ಯಾರು ನಂಬುತ್ತಾರೆ?

ಯುಜಿನ್ ಮಂಗಳೂರಿನ ಕಡೆಯವರು, ನೇತ್ರಾವತಿ ಹೊಳೆಯ ದಂಡೆಯಲ್ಲೇ ಬೆಳೆದವರು. ಮನೆಯಲ್ಲಿ ಕೊಂಕಣಿ, ಅಂಗಡಿಯಲ್ಲಿ ತುಳು, ನನ್ನ ಹತ್ತಿರ ಮಾತ್ರ ಕನ್ನಡ. ಇಪ್ಪತ್ತರ ಆಸುಪಾಸಿನಲ್ಲಿ ದುಬೈಗೆ ಬಂದು, ನೈಫ್ ಏರಿಯಾದ ಒಂದು ರೂಮಿನಲ್ಲಿ ಏಳೆಂಟು ಜನರ ಜೊತೆ ಮಲಗಿ ಎದ್ದು, ಒಂದು ಹೋಟೆಲಿನ ಲಾಂಡ್ರಿಯಲ್ಲಿ ಇಸ್ತ್ರಿ ಮಾಡಲು ಸೇರಿದರು. ಕೊನೆಗೆ ಆ ಲಾಂಡ್ರಿಗೇ ಇನ್‌ಚಾರ್ಜ್ ಆದರು. ಮದುವೆಯಾದ ಮೇಲೆ ಸಿಸಿಲಿಯಾ ಬಂದರು, ಕ್ಲಿನಿಕ್ಕಿನಲ್ಲಿ ನರ್ಸು. ಮಕ್ಕಳಾಗಲಿಲ್ಲ. ಅದಕ್ಕೇ ಇರಬೇಕು, ಬಿಲ್ಡಿಂಗಿನ ಮಕ್ಕಳೆಲ್ಲ ಅವರವೇ. ಸ್ಕೂಲಿಗೆ ಹೊರಟ ಮಕ್ಕಳ ಕಾಲರು ಮುದುರಿದ್ದರೆ ಅವರಿಗೆ ತಡೆಯುತ್ತಿರಲಿಲ್ಲ, ಲಿಫ್ಟಿನಲ್ಲೇ ನಿಲ್ಲಿಸಿ ಬೆರಳಿನಿಂದ ತೀಡಿ ಸರಿಮಾಡುತ್ತಿದ್ದರು. ನನ್ನ ಮಗಳು ಅಪೇಕ್ಷಾ ‘ಇಟ್ಸ್ ಓಕೆ ಅಂಕಲ್, ಐ ಆ್ಯಮ್ ಲೇಟ್’ ಅಂತ ಕುಣಿಯುತ್ತಿದ್ದಳು. ‘ಲೇಟಾದ್ರೆ ಆಗ್ಲಿ ಮಗಾ, ಮುದುರಿ ಹೋಗ್ಬಾರ್ದು’ ಅನ್ನುತ್ತಿದ್ದರು.

ನಮ್ಮ ಫ್ಲಾಟು ಅವರದ್ದರ ಎದುರಿಗೇ. ಸ್ನೇಹ ಆಗಿದ್ದು ಮಾತ್ರ ಕಾರಿನಿಂದ. ಯುಜಿನ್‌ಗೆ ಡ್ರೈವಿಂಗ್ ಲೈಸೆನ್ಸು ಸಿಗಲೇ ಇಲ್ಲ. ಟೆಸ್ಟಿಗೆ ಹೋದರು, ಫೇಲಾದರು, ಮತ್ತೆ ಹೋದರು, ಮತ್ತೆ ಫೇಲು. ಕೊನೆಗೆ ಖಲಾಸ್ ಅಂತ ಕೈಬಿಟ್ಟರು. ಗಾಳ ಹಾಕುವ ಜಾಗವೋ ಜೆಬೆಲ್ ಅಲಿ ದಾಟಿ, ಅಬುಧಾಬಿ ದಾರಿಯಲ್ಲಿ. ಅಲ್ಲಿಗೆ ಮೆಟ್ರೋ ಇಲ್ಲ, ಬಸ್ಸಿಲ್ಲ. ಒಂದು ದಿನ ನನ್ನ ಬಾಗಿಲು ತಟ್ಟಿ, ‘ಭಟ್ರೇ, ನಿಮ್ಮ ಕಾರು ಶನಿವಾರ ಎಂತ ಮಾಡ್ತದೆ?’ ಅಂತ ಕೇಳಿದರು. ನಾನು ಭಟ್ಟನಲ್ಲ ಅಂತ ಎಷ್ಟು ಸಲ ಹೇಳಿದರೂ ಅವರ ಬಾಯಿಗೆ ನಾನು ಭಟ್ರೇ. ನಾನೂ ಆಗ ಆಫೀಸಿನ ತಲೆಬಿಸಿಯಲ್ಲಿ ಬೆಂದುಹೋಗಿದ್ದೆ. ‘ಬರ್ತೀನಿ, ಆದ್ರೆ ಮೀನು ಮುಟ್ಟಲ್ಲ’ ಅಂತ ಷರತ್ತು ಹಾಕಿ ಹೊರಟೆ.

ಅಲ್ಲಿ ಸಮುದ್ರ ಒಂದು ಕಡೆ ನೆಲದೊಳಕ್ಕೆ ನುಗ್ಗಿ, ಎರಡೂ ಬದಿ ದಂಡೆ ಕಾಣುವ ಹಾಗೆ ಹರಿಯುತ್ತದೆ. ನೋಡಿದವರು ಹೊಳೆ ಅಂತಲೇ ಅಂದುಕೊಳ್ಳಬೇಕು. ಪರ್ಮಿಟ್ ಇರುವವರು ಕಲ್ಲಿನ ದಂಡೆಯ ಮೇಲೆ ಕೂತು ಗಾಳ ಹಾಕುತ್ತಾರೆ. ಯುಜಿನ್ ಕೊಕ್ಕೆಗೆ ಸಿಗಡಿ ಚುಚ್ಚಿ ಎಸೆದು ಕೂರುತ್ತಿದ್ದರು. ನಾನು ಒಂದು ಮಾರು ದೂರದಲ್ಲಿ ಮೂಗು ಮುಚ್ಚಿಕೊಂಡು ಪುಳಿಯೋಗರೆ ತಿನ್ನುತ್ತಿದ್ದೆ. ಬೆಳಗಿನ ತಂಪು ಗಾಳಿ, ಫ್ಲಾಸ್ಕಿನ ಕಾಫಿ, ಅವರ ಮುಗಿಯದ ಮಾತು. ಎಷ್ಟು ಒಳ್ಳೆಯ ದಿನಗಳು ಅವು! ಆಗ ಗೊತ್ತಾಗಲಿಲ್ಲ.

ಮಾತೆಲ್ಲ ಒಂದೇ. ‘ಊರಿಗೆ ಹೋದ ಮೇಲೆ ನೋಡಿ ಭಟ್ರೇ.’ ಹೊಳೆಯ ಬದಿಯಲ್ಲಿ ಮನೆ ಕಟ್ಟಿಸಿಯಾಗಿತ್ತು. ಬೆಳಿಗ್ಗೆ ಎದ್ದು ಹಿತ್ತಿಲಿಂದಲೇ ಗಾಳ ಹಾಕಬಹುದಂತೆ. ಇಲ್ಲಿಯ ಹಮೂರ್ ಅಂದರೆ ಅವರ ಊರಿನ ಮುರುಮೀನು. ಚಿಕ್ಕವರಿದ್ದಾಗ ಅಳಿವೆಯಲ್ಲಿ ತಂದೆಯ ಜೊತೆ ಮೊಳದುದ್ದದ ಮುರುಮೀನು ಹಿಡಿದಿದ್ದರಂತೆ. ಮುಂದಿನ ವರ್ಷ ಅದು ಒಂದೂವರೆ ಮೊಳ ಆಯಿತು, ಅದರ ಮುಂದಿನ ವರ್ಷ ಇಬ್ಬರು ಹೊತ್ತು ತಂದರು. ‘ನಿಮ್ಮ ಮೀನು ನೀರಲ್ಲಿ ಬೆಳೆದಿದ್ದಕ್ಕಿಂತ ನಿಮ್ಮ ಬಾಯಲ್ಲೇ ಜಾಸ್ತಿ ಬೆಳೀತಿದೆ ಕಣ್ರೀ’ ಅಂದರೆ, ‘ಪುಳಿಯೋಗರೆ ತಿನ್ನುವವರಿಗೆ ಇದೆಲ್ಲ ಎಂತ ಗೊತ್ತು?’ ಅಂತ ಗದರಿಸುತ್ತಿದ್ದರು.

ಆದರೆ ಇಲ್ಲಿ ಅವರಿಗೆ ಸಿಗುತ್ತಿದ್ದದ್ದು ಅಂಗೈಯಗಲದ ಶೇರಿ ಮೀನು, ಅದೂ ಪುಣ್ಯವಿದ್ದರೆ. ಹಮೂರ್ ಒಂದೂ ಇಲ್ಲ. ಕೆಳಗಿನ ಮಹಡಿಯ ಫೆಲಿಕ್ಸ್, ಉಡುಪಿ ಕಡೆಯವನು, ಇದನ್ನೇ ಹಿಡಿದುಕೊಂಡು ಅವರನ್ನು ಗೋಳು ಹುಯ್ದುಕೊಳ್ಳುತ್ತಿದ್ದ. ‘ಯುಜಿನ್‌ಬಾಬ್, ಸೂಪರ್‌ಮಾರ್ಕೆಟಿನಲ್ಲಿ ಹಮೂರ್ ಮಲಗಿಕೊಂಡಿದೆ, ಗಾಳ ತನ್ನಿ’ ಅಂತ.

ಹೋದ ವರ್ಷ ಹೋಟೆಲಿನವರು ಇನ್ನು ಸಾಕು ಅಂದರು. ಸಿಸಿಲಿಯಾ ಅವರ ಕ್ಲಿನಿಕ್ಕಿನ ಕೆಲಸ ಅದಕ್ಕೂ ಮೊದಲೇ ಮುಗಿದಿತ್ತು. ಕೆಲಸ ಮುಗಿಯಿತು ಅಂದರೆ ವೀಸಾ ಮುಗಿಯಿತು. ವೀಸಾ ಮುಗಿಯಿತು ಅಂದರೆ ಗಂಟುಮೂಟೆ. ಇಲ್ಲಿ ಎಲ್ಲರ ಹಣೆಬರಹವೂ ಅಷ್ಟೇ. ಬಿಲ್ಡಿಂಗಿನವರು ಬೇಜಾರು ಮಾಡಿಕೊಂಡರೆ ಯುಜಿನ್ ಅವರೇ ಸಮಾಧಾನ ಮಾಡುತ್ತಿದ್ದರು. ‘ಎಂತದಕ್ಕೆ ಬೇಜಾರು ಮಾರಾಯ್ರೆ? ನಾನು ಊರಿಗೆ ಹೋಗುವುದಲ್ವಾ!’ ಸಿಸಿಲಿಯಾ ಕೂಡ ಹೊಸ ಮನೆಗೆ ಪರದೆ, ಪಾತ್ರೆ ಅಂತ ಪೆಟ್ಟಿಗೆ ತುಂಬಿಸುತ್ತಿದ್ದರು. ಸೋಮವಾರ ವಿಮಾನ. ಶನಿವಾರ ಮಧ್ಯಾಹ್ನ ತಮ್ಮ ಮನೆಯಲ್ಲಿ ಎಲ್ಲರಿಗೂ ಊಟ ಅಂತ ಕರೆದರು. ಫೆಲಿಕ್ಸ್ ಸುಮ್ಮನಿರಬೇಕಲ್ಲ, ‘ಹಮೂರ್ ಉಂಟಾ?’ ಅಂದ.

ಯುಜಿನ್ ಮುಖ ಕೆಂಪಾಯಿತು. ‘ಉಂಟು. ನಾನೇ ಹಿಡಿದು ತರ್ತೇನೆ. ಅದನ್ನು ನಿಮಗೆಲ್ಲ ಬಡಿಸದೆ ನಾನು ವಿಮಾನ ಹತ್ತುವುದಿಲ್ಲ’ ಅಂದುಬಿಟ್ಟರು. ಕೇಳಿದವರೆಲ್ಲ ಹೋ ಅಂದರು. ಇಷ್ಟು ವರ್ಷದಲ್ಲಿ ಆಗದ್ದು ಒಂದು ಬೆಳಿಗ್ಗೆಯಲ್ಲಿ ಆಗುತ್ತದೆಯೇ? ಹೋಗುವ ಮನುಷ್ಯ ನಗೆಪಾಟಲಾಗಿ ಹೋಗಬೇಕಲ್ಲ ಅಂತ ನನಗೆ ಸಂಕಟವಾಯಿತು.

ಶನಿವಾರ ಬೆಳಕು ಹರಿಯುವ ಹೊತ್ತಿಗೆ ಕಲ್ಲಿನ ದಂಡೆಯಲ್ಲಿದ್ದೆವು. ಅವತ್ತು ಯುಜಿನ್ ನೇತ್ರಾವತಿಯ ಸುದ್ದಿ ಎತ್ತಲಿಲ್ಲ. ಗಾಳ ಎಸೆದರು, ಕೂತರು, ಎಳೆದರು, ಸಿಗಡಿ ಬದಲಾಯಿಸಿದರು, ಮತ್ತೆ ಎಸೆದರು. ಬಿಸಿಲು ಏರಿತು. ಸಿಸಿಲಿಯಾ ಫೋನ್ ಮಾಡಿ, ‘ಮಸಾಲೆ ಅರೆದಾಯ್ತು, ಎಂತಾಯ್ತು?’ ಅಂತ ಕೇಳಿದರು. ‘ಬರ್ತದೆ, ಬರ್ತದೆ’ ಅಂದರು. ನಾನು ಮನಸ್ಸಿನಲ್ಲೇ ರಾಘವೇಂದ್ರ ಸ್ವಾಮಿಗೆ ಹರಕೆ ಹೊತ್ತೆ. ಮೀನಿಗಾಗಿ ರಾಯರಿಗೆ ಹರಕೆ ಹೊತ್ತವನು ಮೈಸೂರು ಸೀಮೆಯಲ್ಲಿ ನಾನೊಬ್ಬನೇ ಇರಬೇಕು, ರಾಯರು ಕ್ಷಮಿಸಲಿ.

ಹೊರಡೋಣವೇ ಅಂತ ಕೇಳಬೇಕು ಅನ್ನುವಷ್ಟರಲ್ಲಿ ಗಾಳದ ಕೋಲು ಬಿಲ್ಲಿನಂತೆ ಬಗ್ಗಿತು. ಯುಜಿನ್ ‘ಸಾಯ್ಬಾ!’ ಅಂತ ದೇವರನ್ನು ಕೂಗಿ ಎದ್ದು ನಿಂತರು. ಮೀನು ಕಲ್ಲಿನ ಸಂದಿಗೆ ನುಗ್ಗಲು ಜಗ್ಗುತ್ತಿತ್ತು. ಒಳಗೆ ಹೋಗಿ ಸೇರಿಕೊಂಡರೆ ಮುಗಿಯಿತು, ದಾರ ಕಲ್ಲಿಗೆ ಉಜ್ಜಿ ತುಂಡಾಗುತ್ತದೆ. ಇಷ್ಟು ವರ್ಷ ಇಸ್ತ್ರಿ ತಿಕ್ಕಿ ತಿಕ್ಕಿ ಅವರ ಬಲಭುಜ ಹಾಳಾಗಿತ್ತು. ನೋವಿಗೆ ಹಲ್ಲು ಕಚ್ಚಿಕೊಂಡೇ ಎಳೆದರು, ಬಿಟ್ಟರು, ಮತ್ತೆ ಎಳೆದರು. ‘ಬಿಡಬೇಡಿ! ಬಿಡಬೇಡಿ ಕಣ್ರೀ!’ ಅಂತ ನಾನು ಕಿರುಚುತ್ತಿದ್ದೆ. ಕೊನೆಗೆ ಅದು ದಂಡೆಯ ಹತ್ತಿರ ತಿಳಿನೀರಿನಲ್ಲಿ ಹೊರಳಿತು. ಅಯ್ಯಪ್ಪಾ, ಏನು ಗಾತ್ರ! ಕಂದು ಮೈ, ಅದರ ಮೇಲೆ ಅಡ್ಡಡ್ಡ ಪಟ್ಟೆ, ಪಟ್ಟೆಯ ಮೇಲೆಲ್ಲ ಕಿತ್ತಳೆ ಚುಕ್ಕೆ.

‘ಭಟ್ರೇ, ಇಳೀರಿ! ಹಿಡೀರಿ! ನನಗೆ ಭುಜ ಎತ್ಲಿಕ್ಕೆ ಆಗುವುದಿಲ್ಲ!’

ಷರತ್ತು ಗಿರತ್ತು ಎಲ್ಲ ಮರೆತುಹೋಯಿತು. ಪ್ಯಾಂಟು ಸಮೇತ ಮೊಣಕಾಲುದ್ದ ನೀರಿಗಿಳಿದು ಎರಡೂ ಕೈಯಿಂದ ಅದನ್ನು ನೀರಲ್ಲೇ ತಬ್ಬಿಕೊಂಡೆ. ಬೆನ್ನಿನ ಮುಳ್ಳು ಅಂಗೈ ಗೀರಿ ರಕ್ತ ಬಂತು. ಅದರ ಕಿವಿರು ನನ್ನ ಕೈಯೊಳಗೆ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ನಾನು ಹುಚ್ಚನ ಹಾಗೆ ನಗುತ್ತಿದ್ದೆ. ಫೆಲಿಕ್ಸನ ಮುಖ ಕಣ್ಣಮುಂದೆ ಬಂದು ಇನ್ನೂ ನಗು ಬಂತು.

ಯುಜಿನ್ ಪಕ್ಕದ ಕಲ್ಲಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಇಕ್ಕಳದಿಂದ ಕೊಕ್ಕೆ ಬಿಡಿಸಿದರು. ಆಮೇಲೆ ಅದರ ಮೈಮೇಲೆ ಕೈಯಾಡಿಸುತ್ತ ಕೂತರು. ಎಷ್ಟು ಹೊತ್ತಾದರೂ ಏಳಲಿಲ್ಲ.

‘ಭಟ್ರೇ, ಬಿಡುವ.’

‘ಏನನ್ನ?’

‘ಇದನ್ನು. ನೀರಿಗೆ.’

ನನಗೆ ಪಿತ್ತ ನೆತ್ತಿಗೇರಿತು. ‘ತಲೆ ಕೆಟ್ಟಿದೆಯೇನ್ರೀ ನಿಮಗೆ? ಸಿಸಿಲಿಯಾ ಮಸಾಲೆ ಅರೆದಿಟ್ಟು ಕಾಯ್ತಿದಾರೆ. ಎಲ್ಲರೂ ತಟ್ಟೆ ಮುಂದೆ ಕೂತಿರ್ತಾರೆ. ನೀವು ಮಾತು ಕೊಟ್ಟಿದೀರಿ!’ ಜೀವಮಾನದಲ್ಲಿ ಮೊದಲ ಸಲ, ಒಂದು ಮೀನನ್ನು ಕೊಲ್ಲಿ ಅಂತ ನಾನು ಜಗಳ ಆಡಿದೆ.

ಅವರು ನನ್ನ ಕಡೆ ನೋಡಲಿಲ್ಲ. ‘ಇಷ್ಟು ದೊಡ್ಡದಾಗ್ಬೇಕಾದ್ರೆ ಎಷ್ಟು ವರ್ಷದಿಂದ ಇದೇ ಕಲ್ಲಿನ ಅಡಿಯಲ್ಲಿ ಉಂಟೋ ಏನೋ. ನಾವು ಮೇಲೆ ಕೂತು ಪಟ್ಟಾಂಗ ಹೊಡೆಯುವಾಗ ಇದು ಕೆಳಗೆ ಇತ್ತು. ನನ್ನನ್ನಂತೂ ಇಲ್ಲಿಂದ ಎಬ್ಬಿಸಿ ಆಯ್ತು ಭಟ್ರೇ. ಇದನ್ನು ನಾನ್ಯಾಕೆ ಎಬ್ಬಿಸ್ಲಿ?’

‘ಊರಿಗೆ ಹೋಗೋ ಖುಷಿ ಇತ್ತಲ್ರೀ ನಿಮಗೆ’ ಅಂದೆ.

‘ಹೋದ ರಜೆಯಲ್ಲಿ ಹೊಳೆ ಬದಿಗೆ ಹೋಗಿ ಕೂತಿದ್ದೆ. ಒಬ್ಬ ಹುಡುಗ ಬಂದು, ಅಂಕಲ್, ನೀವು ಯಾವ ಊರಿನವರು ಅಂತ ಕೇಳಿದ. ನನ್ನ ಅಪ್ಪನ ದೋಣಿ ಕಟ್ತಿದ್ದ ಜಾಗದಲ್ಲಿ ಕೂತಿದ್ದೇನೆ ಮಾರಾಯ್ರೆ! ಅಲ್ಲಿ ನನಗೆ ಯಾರೂ ಇಲ್ಲ. ನನಗೆ ಬೇಕಾದವರೆಲ್ಲ ಇಲ್ಲಿ ಇದ್ದಾರೆ. ನನಗೆ ಹೋಗ್ಲಿಕ್ಕೆ ಸ್ವಲ್ಪವೂ ಮನಸ್ಸಿಲ್ಲ.’ ಅವರು ಇಕ್ಕಳ ಒರೆಸಿ ಪಕ್ಕಕ್ಕಿಟ್ಟರು. ‘ಇದನ್ನು ಸಿಸಿಲಿಯಾಳಿಗೆ ಹೇಳ್ಬೇಡಿ. ಅವಳು ತುಂಬ ಸಂತೋಷದಲ್ಲಿ ಇದ್ದಾಳೆ.’

ನಾನು ಮೀನನ್ನು ನೀರೊಳಗೆ ನೆಟ್ಟಗೆ ಹಿಡಿದುಕೊಂಡೆ. ಸ್ವಲ್ಪ ಹೊತ್ತು ಅದು ಕೈಯಲ್ಲೇ ತೇಲಿತು, ಆಮೇಲೆ ಬಾಲ ಬೀಸಿ ಕಲ್ಲಿನ ಕೆಳಗೆ ಹೋಯಿತು. ನನಗೆ ಅಳು ಬಂತು. ಯಾಕೆ ಸುಳ್ಳು ಹೇಳಲಿ, ಜೋರಾಗಿಯೇ ಅತ್ತೆ.

ಮಧ್ಯಾಹ್ನ ಅವರ ಮನೆ ತುಂಬ ಜನ. ಯುಜಿನ್ ಬರಿಗೈ ತೋರಿಸಿ, ‘ಸಿಗಲಿಲ್ಲ’ ಅಂದರು. ಫೆಲಿಕ್ಸ್ ಸೋಫಾದ ಮೇಲೆ ಬಿದ್ದು ಬಿದ್ದು ನಕ್ಕ. ನಾನು ಬಾಯಿ ತೆರೆದೆ, ಯುಜಿನ್ ನನ್ನ ಕಾಲು ತುಳಿದರು. ಸಿಸಿಲಿಯಾ ಅರೆದ ಮಸಾಲೆಗೆ ಕೋಳಿ ಹಾಕಿದರು.

ಕೈ ತೊಳೆಯಲು ಅಡುಗೆಮನೆಗೆ ಹೋದೆ. ನಲ್ಲಿಯ ಕೆಳಗೆ ಅಂಗೈ ಉರಿದು ‘ಸ್ಸ್’ ಅಂದೆ. ಸಿಸಿಲಿಯಾ ನನ್ನ ಕೈ ಹಿಡಿದು ನೋಡಿದರು. ಅವರೂ ಹೊಳೆಯ ಕಡೆಯವರೇ, ಮೇಲಾಗಿ ನರ್ಸು. ಮುಳ್ಳು ಗೀರಿದ ಗಾಯ ಅವರಿಗೆ ತಿಳಿಯದೇ?

‘ಹಿಡಿದಿದ್ರು ಅಲ್ವಾ?’

ನಾನು ತಲೆಯಾಡಿಸಿದೆ.

‘ಬಿಟ್ರಾ?’

ಮತ್ತೆ ತಲೆಯಾಡಿಸಿದೆ. ಯಾಕೆ ಅಂತ ಕೇಳಿದರೆ ಏನು ಹೇಳಲಿ ಅಂತ ಹೆದರಿಕೊಂಡು ನಿಂತಿದ್ದೆ. ಅವರು ಕೇಳಲಿಲ್ಲ. ಗಾಯಕ್ಕೆ ಔಷಧ ಹಚ್ಚುತ್ತ, ತೀರಾ ಸಣ್ಣ ದನಿಯಲ್ಲಿ, ‘ಅವರಿಗೆ ಹೋಗ್ಲಿಕ್ಕೆ ಮನಸ್ಸಿಲ್ಲ ಅಲ್ವಾ?’ ಅಂದರು.

ಅವರ ಕಣ್ಣೀರು ನನ್ನ ಅಂಗೈ ಮೇಲೆ ಬಿತ್ತು.

‘ನನಗೂ ಇಲ್ಲ. ಅವರು ಅಷ್ಟು ಆಸೆಯಲ್ಲಿ ಇದ್ದಾರೆ ಅಂತ ನಾನು ಬಾಯಿ ಮುಚ್ಚಿಕೊಂಡು ಪೆಟ್ಟಿಗೆ ಕಟ್ಟಿದೆ. ಈಗ ಹೇಳಿ ಎಂತ ಪ್ರಯೋಜನ? ಇದ್ದು ಬಿಡುವ ಅಂದ್ರೆ ಇರ್ಲಿಕ್ಕೆ ಆಗ್ತದಾ? ಅವರಿಗೆ ಹೇಳ್ಬೇಡಿ ಭಟ್ರೇ. ನಾನಾದರೂ ಖುಷಿಯಲ್ಲಿದ್ದೇನೆ ಅಂತ ತಿಳ್ಕೊಂಡು ಹೋಗ್ಲಿ.’

ಸೆರಗಿಲ್ಲದ ಗೌನಿನ ತೋಳಿನಿಂದಲೇ ಕಣ್ಣೊರೆಸಿಕೊಂಡು ಅವರು ಅನ್ನದ ಪಾತ್ರೆ ಎತ್ತಿಕೊಂಡರು. ನಾನು ಹೊರಗೆ ಬಂದು ಗಂಡಹೆಂಡತಿಯ ನಡುವೆ ಮೊಸರನ್ನಕ್ಕೆ ಕೂತೆ. ಯಾರೋ ಊರಿನ ಮನೆಯ ವಿಷಯ ಕೇಳಿದರು.

‘ಹೊಳೆ ಬದಿಯಲ್ಲಿ ಮನೆ. ಇನ್ನೆಂತ ಬೇಕು ನಮಗೆ?’ ಅಂದರು ಸಿಸಿಲಿಯಾ.

ಯುಜಿನ್ ನಗುತ್ತ ಹೌದು ಹೌದು ಅಂದರು.