ಸೂರ್ ಬಂದರಿಗೆ ಹೋದ ಚಕ್ಕುಲಿ ಡಬ್ಬಿ

ನಮ್ಮ ಅಡುಗೆಕೋಣೆಯಲ್ಲಿ ನಮ್ಮದಲ್ಲದ ಡಬ್ಬಿಗಳೇ ಹೆಚ್ಚು. ಹಾಗೆಯೇ ನಮ್ಮ ಡಬ್ಬಿಗಳೂ ಯಾರ್ಯಾರದೋ ಮನೆಗಳಲ್ಲಿ ಹಾಯಾಗಿವೆ. ತಿಂಡಿ ತುಂಬಿ ಬಂದ ಡಬ್ಬಿಯನ್ನು ಖಾಲಿ ಮರಳಿಸಬಾರದು ಎಂಬುದು ನಮ್ಮ ಕರಾವಳಿಯ ಹೆಂಗಸರ ಕಟ್ಟುನಿಟ್ಟು. ಏನಿಲ್ಲದಿದ್ದರೂ ಒಂದು ಹಿಡಿ ಸಕ್ಕರೆಯಾದರೂ ಹಾಕಬೇಕು. ಬರೀ ಸಕ್ಕರೆ ಕೊಡಲು ಸಂಕೋಚ, ಏನಾದರೂ ಒಳ್ಳೆಯದು ಮಾಡಿದಾಗ ಕೊಡೋಣ ಎಂದುಕೊಂಡು ಡಬ್ಬಿ ಕಪಾಟು ಸೇರುತ್ತದೆ. ಆ ಒಳ್ಳೆಯದು ಮಾಡುವ ದಿನ ಬರುವಷ್ಟರಲ್ಲಿ ಅದು ಯಾರ ಡಬ್ಬಿ ಎಂಬುದೇ ಮರೆತುಹೋಗಿರುತ್ತದೆ. ಇದನ್ನು ನಾನು ಬಹುಕಾಲ ಗೇಲಿ ಮಾಡಿದವನು. ಸೂರ್ ಎಂಬ ಊರಿಗೆ ಹೋಗಿಬಂದ ಮೇಲೆ ಬಾಯಿ ಮುಚ್ಚಿಕೊಂಡಿದ್ದೇನೆ.

ಎಂಬತ್ತರ ದಶಕದ ಕೊನೆಯ ಮಾತು. ನಾನಿನ್ನೂ ಮದುವೆಯಾಗದೆ ಮಸ್ಕತ್ತಿನ ಹಮ್ರಿಯಾದಲ್ಲಿ ಎರಡು ಕೋಣೆಯ ಮನೆ ಹಿಡಿದು, ಒಂದು ಕಂಪೆನಿಯ ಆಫೀಸಿನಲ್ಲಿ ಪತ್ರ ಟೈಪು ಮಾಡುತ್ತಿದ್ದೆ. ವೀಸಾಕ್ಕೆ ಹೊಣೆಯಾದ ಅರಬಿ ಮಾಲಿಕ, ನನ್ನ ಕಫೀಲ್, ಒಳ್ಳೆಯ ಮನಸ್ಸಿನಲ್ಲಿದ್ದ ದಿನ ನೋಡಿ ಸಹಿ ಹಾಕಿಸಿಕೊಂಡು, ಮುಲ್ಕಿಯಿಂದ ಅಮ್ಮನನ್ನು ವಿಸಿಟ್ ವೀಸಾದಲ್ಲಿ ಕರೆಸಿದ್ದೆ. ಅಮ್ಮ ಬಂದು ಮೂರು ತಿಂಗಳಾಗುತ್ತ ಬಂದಿತ್ತು. ಶನಿವಾರ ಸಂಜೆ ಬೊಂಬಾಯಿಯ ವಿಮಾನ. ಅದನ್ನು ತಪ್ಪಿಸುವಂತೆಯೇ ಇರಲಿಲ್ಲ. ಊರಿನಲ್ಲಿ ನನ್ನ ತಂಗಿಗೆ ದಿನ ತುಂಬಿತ್ತು. ಮೊದಲ ಹೆರಿಗೆ. ಅಮ್ಮ ಬಂದ ಹೊರತು ಆಸ್ಪತ್ರೆಗೆ ಕಾಲಿಡುವುದಿಲ್ಲ ಎಂದು ಅವಳು ಪ್ರತಿ ಪತ್ರದಲ್ಲೂ ಬರೆಯುತ್ತಿದ್ದಳು.

ಹೊರಡುವ ಮೊದಲು ಏನು ನೋಡಬೇಕು ಎಂದು ಕೇಳಿದರೆ ಅಮ್ಮ ಚಿನ್ನದ ಅಂಗಡಿ ಎನ್ನಲಿಲ್ಲ. ಖರ್ಜೂರದ ಹಡಗಿನ ಊರು ನೋಡಬೇಕು ಎಂದಳು. ಅವಳು ಸಣ್ಣವಳಿದ್ದಾಗ ಮಂಗಳೂರಿನ ಬಂದರಿಗೆ ಅರಬರ ಹಾಯಿಹಡಗುಗಳು, ಮಂಜಿಗಳು, ಬರುತ್ತಿದ್ದವಂತೆ. ಈಚಲಿನ ಚಾಪೆಯಲ್ಲಿ ಕಟ್ಟಿದ ಖರ್ಜೂರವನ್ನು ಅಜ್ಜ ತರುತ್ತಿದ್ದರಂತೆ. ಆ ಮಂಜಿಗಳನ್ನು ಕಟ್ಟುತ್ತಿದ್ದ ಊರುಗಳಲ್ಲಿ ಸೂರ್ ಒಂದು. ವಿಚಿತ್ರವೆಂದರೆ, ಮರವೇ ಬೆಳೆಯದ ಆ ಊರಿನ ಹಡಗುಗಳ ತೇಗ ಹೋಗುತ್ತಿದ್ದುದು ನಮ್ಮ ಪಡುಗಡಲ ತೀರದಿಂದ, ತೆಂಗಿನ ನಾರಿನ ಹಗ್ಗವೂ ಅಲ್ಲಿಂದಲೇ. ಹಡಗು ಹೀಗೆ ತವರಿಗೆ ಬಂದು ಖರ್ಜೂರ ಇಳಿಸಿ, ಅಕ್ಕಿಯೋ ಹೆಂಚೋ ತುಂಬಿಕೊಂಡು ಗಾಳಿ ತಿರುಗಿದಾಗ ಹೊರಡುತ್ತಿತ್ತು. ಖಾಲಿ ಹಡಗು ಅಲೆಗೆ ಸಿಕ್ಕಿ ಹೊರಳಾಡುತ್ತದೆ, ಅದಕ್ಕೇ ತುಂಬಿಸುವುದು ಎಂದು ನಾನು ಅಮ್ಮನಿಗೆ ಪಾಠ ಹೇಳಿದೆ. ಡಬ್ಬಿಯೂ ಹಾಗೆಯೇ ಅಲ್ಲವೇ ಎಂದು ಅವಳು ಕೇಳಿದಾಗ ಜಾಣನಂತೆ ನಕ್ಕೆ.

ಮಸ್ಕತ್ತಿನ ರೂವಿ ಪೇಟೆಯಲ್ಲಿ ಪಾತ್ರೆಗಳ ಅಂಗಡಿ ಇಟ್ಟಿದ್ದ, ನಮ್ಮೂರ ಪಕ್ಕದ ಹಮೀದಾಕ ತಮ್ಮ ಕಾರಿನಲ್ಲಿ ಕರೆದೊಯ್ಯಲು ಒಪ್ಪಿದರು. ಸೂರ್‌ನಲ್ಲಿ ಸಣ್ಣ ಅಂಗಡಿ ಇಟ್ಟ ಅವರ ಗಿರಾಕಿ ಸಯೀದ್ ಎಂಬವನಿದ್ದ. ಊಟ ಅವನ ಮನೆಯಲ್ಲೇ ಎಂದಾಯಿತು. ಗುರುವಾರ ಸಂಜೆ ಅಮ್ಮ ಚಕ್ಕುಲಿ ಕರಿಯಲು ಕುಳಿತಳು. ಪಾಸ್‌ಪೋರ್ಟಿನ ಚಿಂತೆ ಹತ್ತಿದ್ದು ನನಗೆ. ಮನೆಯಲ್ಲಿಟ್ಟರೆ ಕಳ್ಳರ ಭಯ, ಒಯ್ಯದಿದ್ದರೆ ದಾರಿಯಲ್ಲಿ ಪೊಲೀಸರು ಕೇಳಿಯಾರೆಂಬ ಭಯ, ಒಯ್ದರೆ ಬೀಳಿಸಿಕೊಳ್ಳುವ ಭಯ. ನಾನು ರೇಷನ್ ಕಾರ್ಡಿಗೂ ಮೂರು ಜೆರಾಕ್ಸ್ ಇಟ್ಟುಕೊಂಡವನು. ಅಮ್ಮ ತಳಕ್ಕೆ ಪೇಪರು ಹಾಸಿಟ್ಟಿದ್ದ ಸ್ಟೀಲಿನ ಡಬ್ಬಿ ಕಂಡಾಗ ತಲೆ ಚುರುಕಾಯಿತು. ಚಕ್ಕುಲಿಯ ಕೆಳಗೆ ಯಾವ ಕಳ್ಳ ಹುಡುಕುತ್ತಾನೆ? ಪಾಸ್‌ಪೋರ್ಟನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಪೇಪರಿನ ಅಡಿಗೆ ತಳ್ಳಿದೆ. ಅಮ್ಮನಿಗೆ ಹೇಳಿದರೆ ಸುಮ್ಮನೆ ಗಾಬರಿಯಾಗುತ್ತಾಳೆಂದು ಹೇಳಲಿಲ್ಲ.

ಶುಕ್ರವಾರ ನಸುಕಿನಲ್ಲೇ ಹೊರಟು, ನಡುದಾರಿಯ ಇಬ್ರಾದಲ್ಲಿ ಚಾ ಕುಡಿದು ಹನ್ನೊಂದರ ಹೊತ್ತಿಗೆ ಸೂರ್ ತಲುಪಿದೆವು. ದಡದಲ್ಲಿ ಅರ್ಧ ಕಟ್ಟಿದ ಹಡಗೊಂದು ಪಕ್ಕೆಲುಬು ತೋರಿಸಿಕೊಂಡು ನಿಂತಿತ್ತು. ಅಮ್ಮ ಹೋಗಿ ಅದರ ಹಲಗೆಯನ್ನು ಸವರಿ, ಮೂಸಿ, ಇದು ನಮ್ಮ ಕಡೆಯದೇ ಮರ ಎಂದು ತೀರ್ಪು ಕೊಟ್ಟಳು. ಸಯೀದನ ಮನೆಯಲ್ಲಿ ಗಂಡಸರು ನಾವು ಹೊರಕೋಣೆಯಲ್ಲಿ ಉಳಿದೆವು. ಅವನ ತಾಯಿ ಬಂದು ಅಮ್ಮನ ಕೈ ಹಿಡಿದು ಒಳಗೆ ಕರೆದೊಯ್ದರು. ಇವಳಿಗೆ ತುಳು ಬಿಟ್ಟರೆ ಚೂರು ಕನ್ನಡ, ಅವರಿಗೆ ಅರಬಿ ಮಾತ್ರ. ಆದರೂ ಎರಡು ಗಂಟೆ ಒಳಗಿಂದ ನಗು ಕೇಳಿಸುತ್ತಲೇ ಇತ್ತು. ಹೊರಗೆ ಮೂರು ಭಾಷೆ ಬಲ್ಲ ನಾವು ಅರಬಿ ಕಾಫಿ ಕಾವಾ ಹೀರುತ್ತ ಸೆಖೆಯ ಬಗ್ಗೆ ಮಾತಾಡಿದೆವು.

ಮರಳುವಾಗ ಇಬ್ರಾದಲ್ಲಿ ಮತ್ತೆ ಚಾ. ಬಾಯಿಗೆ ಏನಾದರೂ ಬೇಕೆನಿಸಿ ಚಕ್ಕುಲಿ ಕೇಳಿದೆ.

"ಚಕ್ಕುಲಿ ಎಲ್ಲುಂಟು? ಡಬ್ಬಿ ಸಮೇತ ಅವರಿಗೇ ಕೊಟ್ಟು ಬಂದೆ" ಎಂದಳು ಅಮ್ಮ. "ಅವರೆದುರೇ ಸುರಿದು ಡಬ್ಬಿ ವಾಪಸ್ ಕೇಳುವುದಾ? ಮರ್ಯಾದೆ ಬೇಡ್ವಾ?"

ನನ್ನ ಕೈಯ ಚಾ ಅಂಗಿಯ ಮೇಲೆ ಬಿತ್ತು. ಸುಟ್ಟದ್ದು ಆಮೇಲೆ ಗೊತ್ತಾಯಿತು. ತೊದಲುತ್ತ ವಿಷಯ ಹೇಳಿದೆ. ಅಮ್ಮ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಅವಳು ಕಾಯ್ತಾಳೆ" ಎಂದಳು, ತಂಗಿಯ ಕುರಿತು. ಸಯೀದನ ಮನೆಯಲ್ಲಿ ಫೋನಿಲ್ಲ, ಶುಕ್ರವಾರ ಅವನ ಅಂಗಡಿಯೂ ಮುಚ್ಚಿರುತ್ತದೆ. ಹಮೀದಾಕ ಕಾರನ್ನು ಸೂರ್ ಕಡೆಗೆ ತಿರುಗಿಸಿದರು.

ಆ ಎರಡು ಗಂಟೆ ನಾನು ಎದುರು ಬರುವ ಪ್ರತಿ ಗಾಡಿಯನ್ನೂ ನೋಡುತ್ತ, ಡಬ್ಬಿ ತೊಳೆದಿರುತ್ತಾರೆ, ಪೇಪರಿನ ಜೊತೆ ಕಸಕ್ಕೆ ಎಸೆದಿರುತ್ತಾರೆ, ಮನೆಯ ಆಡು ಅದನ್ನು ಮೇಯ್ದಿರುತ್ತದೆ ಎಂದು ಲೆಕ್ಕ ಹಾಕಿದೆ. ಆ ಮನೆಯಂಗಳದಲ್ಲಿ ಆಡುಗಳನ್ನು ನಾನೇ ಕಂಡಿದ್ದೆ. ಅಮ್ಮ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕುಳಿತಿದ್ದಳು. ದೇವರಿಗೆ ಏನು ಹರಸಿಕೊಂಡೆ ಎಂದು ಕೇಳಿದ್ದಕ್ಕೆ, "ಆ ಹೆಂಗಸು ಮನೆ ನಡೆಸಿದವಳು. ಡಬ್ಬಿ ಖಾಲಿ ಕಳಿಸುವ ಜಾತಿ ಅಲ್ಲ. ಸುಮ್ಮನಿರು" ಎಂದಳು. ಪಾಸ್‌ಪೋರ್ಟಿಗೂ ಅದಕ್ಕೂ ಏನು ಸಂಬಂಧ ಎಂದು ನನಗೆ ಸಿಟ್ಟೇ ಬಂತು.

ಸಯೀದನ ಮನೆಯೆದುರು ಅವನ ಪಿಕಪ್ಪು ಮೂತಿಯನ್ನು ಮಸ್ಕತ್ತಿನ ದಾರಿಗೆ ಮಾಡಿ ನಿಂತಿತ್ತು. ಅವನು ಕೈಯಲ್ಲಿ ಕೀಲಿ ಹಿಡಿದು ಬಾಗಿಲಲ್ಲಿ ಶತಪಥ ಹಾಕುತ್ತಿದ್ದ. ನಮ್ಮನ್ನು ಕಂಡದ್ದೇ ಜೇಬಿನಿಂದ ಪ್ಲಾಸ್ಟಿಕ್ಕಿನ ಪೊಟ್ಟಣ ತೆಗೆದು ಅಮ್ಮನ ಕೈಗಿಟ್ಟ.

"ಮೈ ಕಬ್ ಸೇ ತಯಾರ್" ಎಂದ ನಮ್ಮತ್ತ ತಿರುಗಿ, ಅಡುಗೆಮನೆಯ ಕಡೆ ಕೈ ಮಾಡಿ. "ಲೇಕಿನ್ ಉಮ್ಮಾ ಬೋಲಾ, ಡಬ್ಬಾ ಖಾಲಿ ನಹೀ ದೇಗಾ."

ನಾವು ಹೊರಟ ಸ್ವಲ್ಪ ಹೊತ್ತಿಗೇ ಅವನ ತಾಯಿ ಡಬ್ಬಿ ತೆರೆದು, ಅಮ್ಮನ ಫೋಟೋ ಕಂಡು ಮಗನನ್ನು ಕರೆದಿದ್ದರು. ಗಾಡಿ ಹತ್ತಿದವನನ್ನು ಕೆಳಗಿಳಿಸಿ, ಡಬ್ಬಿ ಖಾಲಿ ಕೊಡಲಾಗದು, ಹಲ್ವ ಆಗುವ ತನಕ ಕದಲಬಾರದು ಎಂದು ಒಲೆಯ ಮುಂದೆ ಕುಳಿತಿದ್ದರು. ಒಮಾನಿನ ಹಲ್ವವೋ, ಗೋಟಾಯಿಸಿ ಮಗುಚಿದಷ್ಟೂ ಮುಗಿಯದ ಪದಾರ್ಥ. ಆ ಹಲ್ವ ಇಲ್ಲದಿದ್ದರೆ ಅವನು ಮಸ್ಕತ್ತಿನತ್ತ, ನಾವು ಸೂರಿನತ್ತ, ದಾರಿಯಲ್ಲೆಲ್ಲೋ ಒಬ್ಬರನ್ನೊಬ್ಬರು ದಾಟಿಕೊಂಡು ಹೋಗಿರುತ್ತಿದ್ದೆವು. ನಾನು ಆ ಜಗಲಿಯಲ್ಲೇ ಕುಳಿತೆ. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದೆ. ಹಮೀದಾಕ ಮಾತ್ರ, "ಇನ್ನು ಮೇಲೆ ಜೆರಾಕ್ಸನ್ನು ಹಪ್ಪಳದ ಡಬ್ಬಿಯಲ್ಲಿ ಇಡಿ ಶೆಟ್ರೇ" ಎಂದರು. ಆ ಮಾತನ್ನು ಅವರು ಮುಂದೆ ರೂವಿಯ ಪೇಟೆಗೆಲ್ಲ ಹಂಚಿದರು.

ಮರುದಿನ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಪಾಸ್‌ಪೋರ್ಟನ್ನು ಮೂಗಿನ ಹತ್ತಿರ ಒಯ್ದು, ಅಮ್ಮನನ್ನು ಒಮ್ಮೆ ನೋಡಿ, ಠಸ್ಸೆ ಒತ್ತಿದ. ಅದಕ್ಕೆ ಓಮದ ಪರಿಮಳ ಹತ್ತಿತ್ತು. ಅಮ್ಮ ಮುಲ್ಕಿ ಮುಟ್ಟಿದ ಮೂರನೆಯ ದಿನ ತಂಗಿಗೆ ಹೆಣ್ಣುಮಗು ಹುಟ್ಟಿತು.

ಇಷ್ಟಕ್ಕೆ ಮುಗಿಯಬೇಕಿತ್ತು. ಆದರೆ ನಮ್ಮ ಡಬ್ಬಿ ತುಂಬಿಯೂ ಹಲ್ವ ಹೆಚ್ಚಾಗಿ, ಉಳಿದದ್ದನ್ನು ಸಯೀದನ ತಾಯಿ ತಮ್ಮದೇ ಒಂದು ಪಿಂಗಾಣಿ ಬೋಗುಣಿಯಲ್ಲಿ ಹಾಕಿ ಕೊಟ್ಟಿದ್ದರು. ಅದೂ ಅಮ್ಮನ ಜೊತೆ ಊರಿಗೆ ಹೋಗಿತ್ತು. ಕೆಲವು ತಿಂಗಳ ನಂತರ ಹಮೀದಾಕ ರಜೆ ಮುಗಿಸಿ ಬರುವಾಗ ಅದೇ ಬೋಗುಣಿ ಬಂತು, ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿಕೊಂಡು, ಒಳಗೆ ಎಳ್ಳುಂಡೆ ತುಂಬಿಕೊಂಡು. ಸೂರ್‌ಗೆ ನಾನೇ ಹೋಗಿ ಮುಟ್ಟಿಸಬೇಕು, ಒಂದನ್ನೂ ತಿನ್ನಬಾರದು ಎಂದು ಅಮ್ಮನ ಅಪ್ಪಣೆ.

ಒಮ್ಮೆ ಸುಟ್ಟುಕೊಂಡವನು ನಾನು. ಹೊರಡುವ ಮೊದಲು ಉಂಡೆಗಳನ್ನು ಒಂದೊಂದಾಗಿ ತೆಗೆದಿಟ್ಟು ತಳ ನೋಡಿದೆ. ಪೇಪರಿನ ಅಡಿಯಲ್ಲಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಫೋಟೋ ಇತ್ತು. ತಂಗಿಯ ಮಡಿಲಲ್ಲಿ ಕಣ್ಣಿಗೆ ಕಾಡಿಗೆ ಹಚ್ಚಿಸಿಕೊಂಡ ಮಗು, ಪಕ್ಕದಲ್ಲಿ ಅಮ್ಮ.

ಅದನ್ನು ಇದ್ದಲ್ಲೇ ಇಟ್ಟು, ಮೇಲೆ ಪೇಪರು ಮುಚ್ಚಿ, ಉಂಡೆಗಳನ್ನು ಮತ್ತೆ ಜೋಡಿಸಿದೆ. ಯಾರಿಗೂ ಹೇಳಲಿಲ್ಲ. ಅಲ್ಲಿ ಇಟ್ಟದ್ದು ಕಳೆದುಹೋಗುವುದಿಲ್ಲ ಎಂದು ಈಗ ನನಗೂ ಗೊತ್ತಿತ್ತು.