ಸೆಲ್ಲಮ್ಮ ಎಳೆದ ಗೆರೆ

ನಮ್ಮ ಬ್ಯಾಟರಿ ಲ್ಯಾಬಿನಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಎಲ್ಲರಿಗೂ ಸೆಲ್ಲಮ್ಮ. ಸೆಲ್ಲುಗಳನ್ನು ಬಿಸಿ ಪೆಟ್ಟಿಗೆಯೊಳಗೆ ಸಾಲಾಗಿ ಕೂರಿಸಿ, ಚಾರ್ಜ್ ಮಾಡಿ, ಖಾಲಿ ಮಾಡಿ, ಮತ್ತೆ ಚಾರ್ಜ್ ಮಾಡಿ, ಅವು ಸಾಯುವವರೆಗೆ ಕಾಯುವುದು ಅವರ ಕೆಲಸ. ಒಂದೊಂದು ಸೆಲ್ ಸಾಯಲು ವರ್ಷಗಳೇ ಹಿಡಿಯುತ್ತವೆ. ನಡುವೆ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಸೆಲ್ ಸುಧಾರಿಸಿಕೊಂಡುಬಿಡುತ್ತದೆ, ಅಲ್ಲಿಯವರೆಗಿನ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಒಮ್ಮೆ ಅವರು ಜ್ವರದಲ್ಲಿ ಮಲಗಿದ್ದಾಗ ಯಾರದೋ ಕೈಯಲ್ಲಿ ತಂತಿ ಸಡಿಲಾಗಿ ಒಂದು ಸಾಲು ಪೂರ್ತಿ ಹಾಳಾಯಿತು. ಅಂದಿನಿಂದ ಸೆಲ್ಲಮ್ಮ ರಜೆ ಎಂಬ ಮಾತನ್ನೇ ಮರೆತರು.

ಸ್ಟೋರ್ ನೋಡಿಕೊಳ್ಳುವ ನಾನು, "ಬಾಣಂತಿ ಥರ ಕಾವಲು ಕೂತಿದೀರಲ್ಲ" ಎಂದು ರೇಗಿಸುತ್ತಿದ್ದೆ.

"ಬಾಣಂತಿಗಾದ್ರೂ ಆಗಾಗ ನಿದ್ದೆ ಬರುತ್ತೆ ಸ್ಟೋರಣ್ಣ" ಎನ್ನುತ್ತಿದ್ದರು.

ಆಮೇಲೆ ಗಣಕಪ್ಪ ಬಂದ. ಕಂಪ್ಯೂಟರಿನ ಮುಂದೆ ಬೇರು ಬಿಟ್ಟು ಕೂರುತ್ತಿದ್ದ ಆ ವಿಜ್ಞಾನಿಗೆ ನಾವಿಟ್ಟ ಹೆಸರು ಅದು. ಸೆಲ್ಲಮ್ಮ ಕೂಡಿಟ್ಟ ಹಳೆಯ ಮಾಹಿತಿಯನ್ನೆಲ್ಲ ಯಂತ್ರಕ್ಕೆ ಉಣಿಸಿ, ಹೊಸ ಸೆಲ್ಲಿನ ಮೊದಲ ಕೆಲವು ವಾರದ ನಡತೆ ನೋಡಿ ಅದರ ಆಯುಸ್ಸು ಹೇಳತೊಡಗಿದ. ಬೆಳೆಯುವ ಸಿರಿ ಮೊಳಕೆಯಲ್ಲಿ ಅನ್ನುತ್ತಾರಲ್ಲ, ಹಾಗೆ. ನಾನು ಕಣಿ ಹೇಳುವವನು ಬಂದ ಎಂದು ನಕ್ಕೆ. ಆದರೆ ಅವನು ಹೇಳಿದ್ದು ಮತ್ತೆ ಮತ್ತೆ ನಿಜವಾಯಿತು. ವರ್ಷಗಳ ಕೆಲಸ ವಾರಗಳಲ್ಲಿ ಮುಗಿಯುವುದನ್ನು ಕಂಡು ಸೆಲ್ಲಮ್ಮನಷ್ಟು ಹಿಗ್ಗಿದವರು ಬೇರೆ ಇಲ್ಲ.

ಆದರೆ ಬೇರೆ ರಾಸಾಯನಿಕದ ಸೆಲ್ಲುಗಳು ಬಂದಾಗ ಯಂತ್ರ ಎಡವಿತು. ದೀರ್ಘಾಯುಷಿ ಎಂದದ್ದೆಲ್ಲ ಅರ್ಧದಲ್ಲೇ ಸತ್ತವು. ಗಣಕಪ್ಪ ಮುಚ್ಚುಮರೆ ಮಾಡಲಿಲ್ಲ. "ಇದು ಕಂಡಿದ್ದನ್ನಷ್ಟೇ ಕಲಿತಿರೋದು. ಈ ಜಾತಿ ಸೆಲ್ ಸಾಯೋದನ್ನ ಇದು ನೋಡೇ ಇಲ್ಲ. ಇನ್ನೊಂದು ಸಲ ಪೂರ್ತಿ ಕಾಯ್ಬೇಕು ಅಮ್ಮ" ಎಂದ. ಸೆಲ್ಲಮ್ಮ ಮತ್ತೆ ಪೆಟ್ಟಿಗೆ ತುಂಬಿದರು.

ಆ ಪರೀಕ್ಷೆ ಕೊನೆಯ ಹಂತಕ್ಕೆ ಬರುವ ಹೊತ್ತಿಗೆ ಅವರ ಗಂಡನ ಹೃದಯ ಸೋಲತೊಡಗಿತ್ತು. ಬಸ್ ಓಡಿಸಿ ನಿವೃತ್ತರಾದವರು, ಮಾತಿಗೊಂದು ತಮಾಷೆ. ಅವರಿಗಿದ್ದದ್ದು ಒಂದೇ ಆಸೆ: ತಾಯಿಯಿಲ್ಲದ ತಮ್ಮನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕನನ್ನು ಒಮ್ಮೆ ನೋಡಬೇಕು. ಅಕ್ಕ ಹಾಸಿಗೆ ಹಿಡಿದಿದ್ದರು, ಊರು ರೈಲಿನಲ್ಲಿ ಬಹಳ ದೂರ. ಒಬ್ಬರೇ ಹೋಗುವ ಸ್ಥಿತಿ ಇರಲಿಲ್ಲ. ಡಾಕ್ಟರು, "ಎಷ್ಟು ದಿನ ಅಂತ ನಾನು ಹೇಳಲಾರೆ. ಆಗೋವಾಗ್ಲೇ ಹೋಗಿಬನ್ನಿ" ಎಂದರು.

ಹೇಳಲಾರೆ ಎಂಬ ಮಾತು ಸೆಲ್ಲಮ್ಮನಿಗೆ ಹಿಡಿಸಲಿಲ್ಲ. ಬೆಳಗೆದ್ದು ಗಂಡನ ತೂಕ, ನಾಡಿ, ಏದುಸಿರು ಬರುವ ಮುನ್ನ ಬೀದಿಯಲ್ಲಿ ಎಷ್ಟು ದೂರ ನಡೆದರು ಎಂಬುದನ್ನೆಲ್ಲ ಗುರುತು ಹಾಕಿ, ಗ್ರಾಫ್ ಹಾಳೆಯ ಮೇಲೆ ಗೆರೆ ಎಳೆದರು. ಗೆರೆ ಮೆಲ್ಲಗೆ, ನೆಟ್ಟಗೆ ಇಳಿಯುತ್ತಿತ್ತು. ಅದನ್ನು ಮುಂದಕ್ಕೆ ಎಳೆದರೆ ಬರುವ ಬೇಸಿಗೆ ದಾಟುತ್ತಿತ್ತು. ಸೆಲ್ಲುಗಳ ಪರೀಕ್ಷೆ ಅದಕ್ಕೂ ಮೊದಲೇ ಮುಗಿಯುವುದಿತ್ತು.

"ಇದು ಮುಗೀಲಿ, ಇಬ್ರೂ ಹೋಗೋಣ ರೀ" ಎಂದರು.

"ಆಗ್ಲಿ ಬಿಡೇ. ನಿನ್ನ ಸೆಲ್ಲುಗಳಿಗಿಂತ ನಾನೇ ಗಟ್ಟಿ" ಎಂದು ಅವರು ನಕ್ಕರಂತೆ. ಆದರೂ ಇಬ್ಬರೂ ಬರುತ್ತೇವೆಂದು ಅಕ್ಕನಿಗೆ ಫೋನಿನಲ್ಲಿ ತಿಳಿಸಿ, ಅವರಿಗೆಂದು ಒಂದು ಉಣ್ಣೆ ಶಾಲು ತಂದು ಚೀಲದಲ್ಲಿಟ್ಟರು.

ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಸೆಲ್ಲುಗಳು ಬಹುಕಾಲ ಮೆಲ್ಲಗೆ ಇಳಿದು ಕೊನೆಯಲ್ಲಿ ದಡಕ್ಕನೆ ಬೀಳುತ್ತವೆ, ನೆಟ್ಟಗಿನ ಗೆರೆಯನ್ನು ನಂಬಬೇಡಿ ಎಂದು ಹೊಸದಾಗಿ ಬಂದವರಿಗೆಲ್ಲ ಪಾಠ ಹೇಳುತ್ತಿದ್ದವರು ಇವರೇ. ಒಂದೇ ಒಂದು ಸೆಲ್ ನೋಡಿ ಭವಿಷ್ಯ ಹೇಳಿದ್ದರೆ ಗಣಕಪ್ಪನನ್ನು ಇವರೇ ಉಗಿದು ಉಪ್ಪಿನಕಾಯಿ ಹಾಕುತ್ತಿದ್ದರು. ಆದರೆ ಬೇಕಾದ ಉತ್ತರ ಸಿಕ್ಕಮೇಲೆ ಲೆಕ್ಕವನ್ನು ಇನ್ನೊಮ್ಮೆ ಯಾರು ಮಾಡುತ್ತಾರೆ? ಗಂಡ ಬದುಕಿರಲಿ ಎಂಬುದೇ ಅವರಿಗೆ ಬೇಕಿತ್ತು, ಗೆರೆ ಬದುಕಿರುತ್ತಾರೆ ಎಂದಿತು.

ಚಳಿಗಾಲದ ಒಂದು ಬೆಳಿಗ್ಗೆ ಸೆಲ್ಲಮ್ಮನ ಗಂಡ ಮುಖ ಒರೆಸಿಕೊಳ್ಳುತ್ತ ಬಚ್ಚಲ ಬಾಗಿಲಲ್ಲೇ ಕುಸಿದರು. ನಾವು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸೆಲ್ಲಮ್ಮ ಅಳಲಿಲ್ಲ. "ನಿನ್ನೆ ಚೆನ್ನಾಗಿ ನಡೆದ್ರು ಸ್ಟೋರಣ್ಣ, ಮೊನ್ನೆಗಿಂತ ಜಾಸ್ತಿ ನಡೆದ್ರು" ಎಂದು ಅದನ್ನೇ ಹೇಳುತ್ತಿದ್ದರು. ಅಲ್ಲಿ ಲ್ಯಾಬಿನಲ್ಲಿ ಸೆಲ್ಲುಗಳು ಒಂದೂ ತಪ್ಪದೆ ಓಡುತ್ತಿದ್ದವು. ಆ ಪರೀಕ್ಷೆಯಿಂದ ಯಂತ್ರ ಮುಂದೆ ಬಹಳ ಕಲಿಯಿತು, ಅದನ್ನೂ ಹೇಳಬೇಕು.

ಅಕ್ಕನಿಗೆ ಸುದ್ದಿ ಮುಟ್ಟಿಸಬೇಕಿತ್ತು. ನಾನು ಫೋನ್ ಹಚ್ಚಿ ಸೆಲ್ಲಮ್ಮನ ಕೈಗೆ ಕೊಟ್ಟೆ. ಅವರು ಬಾಯಿ ತೆರೆಯುವ ಮೊದಲೇ, ಮನೆಯವರೆಲ್ಲ ಕೇಳುವಷ್ಟು ದೊಡ್ಡ ದನಿಯಲ್ಲಿ ಮುದುಕಿ ಕೇಳಿದರು:

"ಯಾರು? ಹೊರಟ್ರೇನೇ? ತಮ್ಮನ್ನ ಕಿಟಕಿ ಪಕ್ಕ ಕೂರಿಸು, ಅವನಿಗೆ ಗಾಳಿ ಬೇಕು."

ಸೆಲ್ಲಮ್ಮ ಗೋಡೆಗೆ ಒರಗಿದರು.

"ಅತ್ತಿಗೆ, ನಾನೊಬ್ಬಳೇ ಬರ್ತೀನಿ."